ಎರಡು ಚಾ, ಒಂದಕ್ಕೆ ಸಕ್ಕರೆ ಕಮ್ಮಿ

ಕೋವಿಡ್ ಮುಗಿದ ಮರುವರ್ಷ ನಾನು ರಾಮನಗರದಲ್ಲಿ ಒಬ್ಬ ಫೊರೆನ್ಸಿಕ್ ಸೈಕಾಲಜಿಸ್ಟ್ ಬಳಿ ಟ್ರಾನ್ಸ್‌ಕ್ರೈಬರ್ ಆಗಿ ಸೇರಿದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಇಷ್ಟೇ: ಮೇಡಂ ಆರೋಪಿಯ ಜೊತೆ ಮಾತಾಡುತ್ತಾರೆ, ರೆಕಾರ್ಡರ್ ಓಡುತ್ತದೆ, ನಾನು ಮೂಲೆಯಲ್ಲಿ ಕೂತು ಕೇಳಿಸಿಕೊಂಡು ಆಮೇಲೆ ಅದನ್ನು ಒಂದಕ್ಷರ ಬಿಡದೆ ಟೈಪ್ ಮಾಡುತ್ತೇನೆ. ಕೆಮ್ಮಿದರೆ ‘ಕೆಮ್ಮು’ ಎಂದು, ಸುಮ್ಮನಿದ್ದರೆ ‘ಮೌನ, ಹನ್ನೆರಡು ಸೆಕೆಂಡು’ ಎಂದು. ಇಂಥ ಅನುಭವ ಕಥನಗಳನ್ನು ಸಾಮಾನ್ಯವಾಗಿ ನಿವೃತ್ತರಾದ ಮೇಲೆ ಶಾಲು ಹೊದ್ದುಕೊಂಡು ಬರೆಯುತ್ತಾರೆ. ನನಗೀಗ ಮೂವತ್ತೊಂದು. ಶಾಲು ಸಿಕ್ಕಿದ್ದು ಒಂದೇ, ಅದೂ ಮಾಗಡಿಯ ಗಣೇಶೋತ್ಸವದಲ್ಲಿ ಮಿಮಿಕ್ರಿ ಮಾಡಿದ್ದಕ್ಕೆ.

ಆ ಮಿಮಿಕ್ರಿಯ ವಿಷಯ ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಪ್ರಕರಣದಲ್ಲಿ ತಪ್ಪು ಮಾಡಿದವನು ನನ್ನೊಳಗಿನ ಮಿಮಿಕ್ರಿಯವನು. ಊರು ಚನ್ನಪಟ್ಟಣ. ಕೆಳಗೆ ಗೊಂಬೆ ಕಡೆಯುವ ಲೇತ್‌ಗಳು, ಮೇಲೆ ಒಂದು ಬಾಡಿಗೆ ಕೋಣೆ, ಅದರಲ್ಲಿ ನಾನೊಬ್ಬನೇ. ಒಬ್ಬನೇ ಎಂದರೂ ನನ್ನ ಹತ್ತಿರ ಐವತ್ತು ದನಿಗಳಿವೆ: ಬಸ್ ಕಂಡಕ್ಟರ್, ಹರಾಜು ಕೂಗುವವರು, ಮೈಕ್ ತಟ್ಟಿ ‘ಹಲೋ ಚೆಕ್’ ಎನ್ನುವ ಸೌಂಡ್ ಸಿಸ್ಟಮ್‌ನವರು, ಸ್ಟಾರ್ಟ್ ಆಗದ ಮೊಪೆಡ್. ಗೆಳೆಯರು ಫೋನ್ ಮಾಡಿದರೆ ಮೊದಲ ಮಾತೇ, ‘ಲೇ ಚೇತು, ಸೀನ ಮೇಷ್ಟ್ರುದ್ ಒಸಿ ಮಾಡ್ಲಾ, ಇಲ್ಲಿ ಎಲ್ಲಾ ಅವ್ರೆ, ಸ್ಪೀಕರ್‌ಗೆ ಹಾಕಿವ್ನಿ.’ ಮಾಡುತ್ತೇನೆ. ಆ ಕಡೆ ನಗು ಏಳುತ್ತದೆ, ಫೋನ್ ಕಟ್ಟಾಗುತ್ತದೆ. ಹೇಗಿದ್ದೀಯ ಎಂದು ಕೇಳುವುದು ಮರೆತುಹೋಗಿರುತ್ತದೆ. ತಪ್ಪು ಅವರದಲ್ಲ. ಕೇಳಿದರೂ ನಾನು ಅದಕ್ಕೆ ಯಾರದೋ ದನಿಯಲ್ಲಿ ಉತ್ತರ ಕೊಡುವವನು.

ಕೆಲಸ ಸಿಕ್ಕಿದ್ದು ಹೀಗೆ. ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅಫಿಡವಿಟ್ ಟೈಪ್ ಮಾಡಿಕೊಂಡಿದ್ದೆ. ಒಂದು ದಿನ ಐವತ್ತು ದಾಟಿದ ಹೆಂಗಸೊಬ್ಬರು ಕೆಲವು ಹಾಳೆಗಳನ್ನು ಜೆರಾಕ್ಸ್‌ಗೆ ಕೊಟ್ಟರು. ಕನಕಪುರದ ಕಡೆಯ ಕೂಲಿಯವನೊಬ್ಬನ ಹೇಳಿಕೆ ಅದು. ಬರೆದವರು ಅವನ ಬಾಯಲ್ಲಿ ‘ಈ ಕುರಿತು ನನಗೆ ಯಾವುದೇ ಮಾಹಿತಿ ಇರುವುದಿಲ್ಲ’ ಎಂದು ಹೇಳಿಸಿದ್ದರು. ನನಗೆ ನಗು ತಡೆಯಲಾಗಲಿಲ್ಲ.

‘ಎಂತ ನಗುವುದು?’ ಎಂದರು ಅವರು.

‘ನಮ್ ಕಡೆಯೋರು ಹುಟ್ಟಿದಾಗ್ಲಿಂದ ಈ ಮಾತು ಆಡಿರಕ್ಕಿಲ್ಲ ಮೇಡಂ.’

‘ಹಾಗಾದರೆ ಎಂತ ಹೇಳಿರಬಹುದು ಮಾರಾಯ?’

‘ನಂಗೇನ್ ಗೊತ್ತು ಸಾಮಿ.’ ಅದನ್ನು ಕೂಲಿಯವನ ದನಿಯಲ್ಲೇ, ತಲೆ ಕೆರೆದುಕೊಂಡು ಹೇಳಿದೆ. ಅವರು ನಗಲಿಲ್ಲ. ಮರುವಾರದಿಂದ ಬರಲು ಹೇಳಿದರು.

ಅವರು ಡಾ. ವಾರಿಜಾ, ಕುಂದಾಪುರದ ಕಡೆಯವರು. ಫೊರೆನ್ಸಿಕ್ ಸೈಕಾಲಜಿಸ್ಟ್ ಎಂದರೆ ಕಾನೂನಿನ ಕೆಲಸಕ್ಕಾಗಿ ಮನಸ್ಸನ್ನು ಪರಿಶೀಲಿಸುವವರು. ಆರೋಪಿಗೆ ವಿಚಾರಣೆ ಅರ್ಥವಾಗುತ್ತದೆಯೇ, ಅವನು ಕೊಟ್ಟ ಹೇಳಿಕೆ ಅವನದೇ ಹೌದೇ, ಸಾಕ್ಷಿಯ ನೆನಪು ಎಷ್ಟು ನಂಬಲರ್ಹ ಎಂಬುದನ್ನೆಲ್ಲ ನೋಡಿ ನ್ಯಾಯಾಲಯಕ್ಕೆ ವರದಿ ಕೊಡುತ್ತಾರೆ. ನಾನು ಓದಿದ್ದ ಪತ್ತೇದಾರಿ ಕಾದಂಬರಿಗಳಲ್ಲಿ, ನೋಡಿದ್ದ ವೆಬ್ ಸರಣಿಗಳಲ್ಲಿ ಈ ಹುದ್ದೆಯ ನಾಯಕಿಯರು ಬೇರೆ ಥರ. ಕಪ್ಪು ಕೋಟು ಹಾಕಿಕೊಂಡು ಬಂದು ಕೊಲೆಗಾರನ ಕಣ್ಣಲ್ಲಿ ಕಣ್ಣಿಟ್ಟು ಮೂರೇ ನಿಮಿಷದಲ್ಲಿ ಅವನ ಬಾಲ್ಯವನ್ನು ಹೊರಗೆಳೆದುಬಿಡುತ್ತಾರೆ. ಪಕ್ಕದಲ್ಲಿ ಚುರುಕು ಹುಡುಗನೊಬ್ಬ ಇರುತ್ತಾನೆ, ಆ ಪಾತ್ರಕ್ಕೆ ನನ್ನನ್ನು ನಾನೇ ಆರಿಸಿಕೊಂಡಿದ್ದೆ. ನಮ್ಮ ಮೇಡಂ ಸರ್ಕಾರಿ ಬಸ್ಸಿನಲ್ಲಿ, ಕೊಡೆ ಮತ್ತು ಊಟದ ಡಬ್ಬಿ ಹಿಡಿದು ಬರುತ್ತಿದ್ದರು. ಯಾರ ಕಣ್ಣನ್ನೂ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ. ರಾಮನಗರದಲ್ಲಿ ಬಾಡಿಗೆ ಮನೆ, ಅಲ್ಲಿ ಅವರೊಬ್ಬರೇ. ಮಧ್ಯಾಹ್ನ ಕಚೇರಿಯ ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದರು. ನಾನು ಇನ್ನೊಂದು ಗೋಡೆಗೆ ಮುಖ ಮಾಡಿ ಮಾಡುತ್ತಿದ್ದೆ. ಇಬ್ಬರ ನಡುವೆ ಫ್ಯಾನ್ ತಿರುಗುತ್ತಿತ್ತು.

ಅವರು ನನಗೆ ಹಾಕಿದ್ದ ಷರತ್ತು ಒಂದೇ. ‘ಕೋಣೆಯೊಳಗೆ ನಿಮ್ಮ ದನಿ ಇರಬಾರದು. ನಗುವೂ ಬೇಡ. ಎದುರಿಗಿರುವವರ ಮಾತು ಪೂರ್ತಿ ಅವರದೇ ಆಗಿರಬೇಕು.’ ಇದಕ್ಕೆ ಕಾರಣವೂ ಹೇಳಿದ್ದರು. ಸಜೆಸ್ಟಿಬಿಲಿಟಿ ಎಂಬುದೊಂದಿದೆ. ಬಳಲಿದವರು, ಹೆದರಿದವರು, ಒಂಟಿಯಾದವರು ಎದುರಿನವರು ಬಯಸಿದ ಉತ್ತರವನ್ನು ತಮಗೇ ಗೊತ್ತಿಲ್ಲದೆ ಕೊಟ್ಟುಬಿಡುತ್ತಾರೆ. ‘ಆ ಕಾರು ಕೆಂಪಗಿತ್ತಲ್ಲ?’ ಎಂದು ಕೇಳಿದರೆ ಕಾಣದ ಕಾರೂ ಕೆಂಪಾಗುತ್ತದೆ. ನಾನು ಚೆನ್ನಾಗಿ ತಲೆಯಾಡಿಸಿದೆ. ತಲೆಯಾಡಿಸುವುದು ನನ್ನ ಐವತ್ತೊಂದನೆಯ ಐಟಂ.

ಸೇರಿದ ಐದನೆಯ ತಿಂಗಳಲ್ಲಿ ಮಾದೇವಪ್ಪನವರ ಪ್ರಕರಣ ಬಂತು.

ಮಾದೇವಪ್ಪನಿಗೆ ಆಗ ಐವತ್ತೆಂಟು. ಊರು ಉಯ್ಯಂಬಳ್ಳಿ. ಮದುವೆಯಿಲ್ಲ, ಊರಲ್ಲಿ ಹತ್ತಿರದವರೂ ಉಳಿದಿರಲಿಲ್ಲ. ಇಪ್ಪತ್ತಾರು ವರ್ಷದಿಂದ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಹಳೆಯ ರೀಲಿಂಗ್ ಶೆಡ್ಡಿನಲ್ಲಿ ಕೆಲಸ, ಅಲ್ಲೇ ವಾಸ. ಶೆಡ್ಡಿನ ಯಜಮಾನ ಗೌಸ್ ಸಾಬರು, ಎಪ್ಪತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದರು. ಉಳಿದವರೆಲ್ಲ ಮೆಷಿನ್ ಹಾಕಿಸಿಕೊಂಡರೂ ಸಾಬರು ಕೈಚರಕ ಬಿಟ್ಟಿರಲಿಲ್ಲ. ಕೈಚರಕ ಇಬ್ಬರ ಕೆಲಸ. ಒಬ್ಬರು ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ಎಳೆ ತೆಗೆದು ಕೊಡಬೇಕು, ಇನ್ನೊಬ್ಬರು ಚಕ್ರ ತಿರುಗಿಸಬೇಕು. ಸಾಬರು ಎಳೆ, ಮಾದೇವಪ್ಪ ಚಕ್ರ.

ಒಂದು ಸಂಜೆ ಸಾಬರು ಬೇಸಿನ್ ಪಕ್ಕದಲ್ಲಿ ಸತ್ತು ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ಗಾಯ, ಒಲೆಯ ಕಬ್ಬಿಣದ ಅಂಚಿನಲ್ಲಿ ರಕ್ತ. ಮಾದೇವಪ್ಪ ಪಕ್ಕದಲ್ಲೇ ಕೂತಿದ್ದರು. ಬಂದ ಪೊಲೀಸರಿಗೆ ಅವರು ಹೇಳಿದ್ದು ಒಂದೇ ಮಾತು: ‘ನಾನೇ ಸಾಯ್ಸ್‌ದೆ ಸಾಮಿ.’ ಆಮೇಲೆ ಬಾಯಿ ಬಿಡಲಿಲ್ಲ. ಬೀದಿಯವರನ್ನು ವಿಚಾರಿಸಿದರೆ ಎಲ್ಲರೂ ಒಂದೇ ವಿಷಯ ಹೇಳಿದರು. ಹನ್ನೊಂದು ದಿನದಿಂದ ಇಬ್ಬರೂ ಮಾತು ಬಿಟ್ಟಿದ್ದರು. ಸಾಬರು ‘ಶೆಡ್ ಮುಚ್ತೀನಿ, ನೀನು ಊರಿಗೆ ಹೋಗು’ ಎಂದದ್ದೇ ಜಗಳದ ಮೂಲ. ಜಗಳ, ಗಾಯ, ಒಪ್ಪಿಗೆ, ಮೂರೂ ಸೇರಿದರೆ ಯಾವ ಠಾಣೆಯವರಾದರೂ ಅನುಮಾನ ಪಡುತ್ತಾರೆ. ನಾನೂ ಪಟ್ಟೆ.

ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಸ್ವಇಚ್ಛೆಯಿಂದ ಹೇಳಿದರೆ ನಿಲ್ಲುತ್ತದೆ. ಸೋಮವಾರ ಮಾದೇವಪ್ಪನನ್ನು ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವುದಿತ್ತು. ಅಲ್ಲಿಯೂ ಅದೇ ಮಾತು ಹೇಳಿದರೆ ಮಿಕ್ಕ ಬದುಕು ಜೈಲಿನಲ್ಲೇ ಕಳೆಯಬೇಕಾಗಬಹುದು. ಉಚಿತ ಕಾನೂನು ನೆರವಿನಿಂದ ಬಂದಿದ್ದ ವಕೀಲರಿಗೆ ಏನೋ ಸರಿಯಿಲ್ಲ ಎನಿಸಿ, ಆರೋಪಿಯ ಮನಸ್ಥಿತಿ ಪರಿಶೀಲಿಸಲು ಅನುಮತಿ ಪಡೆದು ಮೇಡಂಗೆ ಒಪ್ಪಿಸಿದರು. ಸಿಕ್ಕಿದ್ದು ಒಂದು ವಾರ: ಮಂಗಳವಾರ, ಗುರುವಾರ, ಶನಿವಾರ, ಮೂರು ಭೇಟಿ.

ಮಂಗಳವಾರ ಜೈಲಿನ ಕಚೇರಿ ಪಕ್ಕದ ಕೋಣೆಯಲ್ಲಿ ಅವರನ್ನು ಮೊದಲ ಸಲ ನೋಡಿದೆ. ಸಣ್ಣ ಆಳು. ಬಲಗೈ ಮಾತ್ರ ಇನ್ಯಾರದೋ ದೊಡ್ಡ ಮನುಷ್ಯನದನ್ನು ತಂದು ಜೋಡಿಸಿದಂತಿತ್ತು, ಚಕ್ರ ತಿರುಗಿಸಿದ ಕೈ. ಮೇಡಂ ತಾವು ಯಾರು, ಯಾಕೆ ಬಂದಿದ್ದೇವೆ, ಉತ್ತರ ಕೊಡದಿದ್ದರೂ ತೊಂದರೆಯಿಲ್ಲ ಎಂಬುದನ್ನು ನಿಧಾನವಾಗಿ ಹೇಳಿದರು. ಮಾದೇವಪ್ಪ ನೆಲ ನೋಡುತ್ತಿದ್ದರು. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಇದು ಯಾವ ತಿಂಗಳು, ಒಂದಕ್ಕೂ ಉತ್ತರವಿಲ್ಲ. ಐವತ್ತು ನಿಮಿಷದ ರೆಕಾರ್ಡಿಂಗ್ ಟೈಪ್ ಮಾಡಿದಾಗ ಒಂದೂವರೆ ಪುಟವಾಯಿತು. ಅದರಲ್ಲಿ ಒಂದು ಪುಟ ‘ಮೌನ’. ಗುರುವಾರವೂ ಅಷ್ಟೇ. ಹೊರಡುವಾಗ ಅವರು ಬಾಗಿಲ ತನಕ ನಮ್ಮನ್ನು ನೋಡುತ್ತಿದ್ದುದನ್ನು ಮಾತ್ರ ಮೇಡಂ ಗುರುತು ಹಾಕಿಕೊಂಡರು.

ಆ ಎರಡು ಭೇಟಿಗಳ ನಡುವೆ, ಬುಧವಾರ, ನಾವಿಬ್ಬರೂ ಸಾಬರ ಬೀದಿಗೆ ಹೋಗಿದ್ದೆವು. ಆರೋಪಿಯ ಬಗ್ಗೆ ಸುತ್ತಲಿನವರಿಂದ ತಿಳಿದುಕೊಳ್ಳುವುದೂ ಪರಿಶೀಲನೆಯ ಭಾಗ. ಬೀದಿ ತುದಿಯ ಟೀ ಅಂಗಡಿಯ ನಯಾಜ್ ನನ್ನ ವಯಸ್ಸಿನವನೇ. ಮೇಡಂ ಪಕ್ಕದ ಮನೆಯವರ ಜೊತೆ ಮಾತಾಡುತ್ತಿದ್ದಾಗ ಅವನು ನನಗೆ ಟೀ ಕೊಟ್ಟ.

‘ಸಾಬ್ರು ಹೆಂಗಿದ್ರು?’ ಎಂದೆ.

‘ದನಿ ಕೇಳ್ತೀರಾ ಭಾಯ್? ನಂಗೆ ಡಿಲೀಟ್ ಮಾಡಕ್ಕೆ ಮನಸ್ ಬರ್ಲಿಲ್ಲ.’ ಫೋನ್ ತೆಗೆದ. ಸಾಬರಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ದಿನಕ್ಕೆ ಎರಡು ಸಲ ವಾಟ್ಸ್ಯಾಪಿನಲ್ಲಿ ದನಿ ಕಳಿಸಿ ಟೀ ತರಿಸಿಕೊಳ್ಳುತ್ತಿದ್ದರು. ‘ನಯಾಜ್, ಎರಡು ಚಾ. ಒಂದಕ್ಕೆ ಸಕ್ಕರೆ ಕಮ್ಮಿ.’ ದಿನವೂ ಅದೇ ಮಾತು. ದೊಡ್ಡ, ಒಡೆದ, ಹೊಗೆ ಕುಡಿದ ದನಿ. ‘ಮೊದ್ಲು ನಮ್ ಉರ್ದುನಾಗೇ ಕಳಿಸೋರು,’ ಎಂದ ನಯಾಜ್. ‘ಕಡೇ ಹನ್ನೊಂದಿನ ಮಾತ್ರ ಕನ್ನಡದಾಗೆ, ಅದೂ ಕೂಗಿ. ಯಾಕೋ ಗೊತ್ತಿಲ್ಲ.’

ನನಗೆ ಆ ಪ್ರಶ್ನೆ ಬೇಕಿರಲಿಲ್ಲ, ದನಿ ಬೇಕಿತ್ತು. ಅಪರೂಪದ ದನಿ ಕಂಡರೆ ನನಗೆ ಬೇರೆಯವರ ತೋಟದ ಮಾವು ಕಂಡ ಹಾಗೆ. ಎಲ್ಲವನ್ನೂ ನನ್ನ ಫೋನಿಗೆ ಹಾಕಿಸಿಕೊಂಡೆ.

ಅವುಗಳಲ್ಲಿ ಕೊನೆಯದೇ ನನಗೆ ಬಹಳ ಹಿಡಿಸಿತು. ಅದರಲ್ಲಿ ಒಂದು ವಿಶೇಷ ಬಿರುಕು ಇತ್ತು. ಎರಡೆರಡು ಪದಕ್ಕೆ ಉಸಿರು ತುಂಡಾಗುತ್ತಿತ್ತು, ಮಾತಿನ ಕೊನೆ ಗಾಳಿಯಲ್ಲಿ ಕರಗುತ್ತಿತ್ತು. ಎಲ್ಲ ಬಿಟ್ಟು ಅದನ್ನೇ ಕಲಿತೆ. ಕೋಣೆಯಲ್ಲಿ ಕೂತು ಕಲಿತೆ, ಗುರುವಾರ ಸಂಜೆ ಬಸ್ಸಿನಲ್ಲೂ ಕಲಿತೆ. ಕೆಂಗಲ್ ದಾಟುವ ಹೊತ್ತಿಗೆ ಉಸಿರು ಸರಿಯಾಗಿ ಕೂತಿತು. ಪಕ್ಕದಲ್ಲಿ ಕೂತಿದ್ದ ಯಜಮಾನರು ಎದ್ದು ಹಿಂದಿನ ಸೀಟಿಗೆ ಹೋದರು.

ಶನಿವಾರ ಕೊನೆಯ ಭೇಟಿ. ಅರ್ಧ ಗಂಟೆ ಕಳೆದಿತ್ತು, ಮಾದೇವಪ್ಪ ಎಂದಿನಂತೆ ನೆಲ ನೋಡುತ್ತಿದ್ದರು. ವಕೀಲರ ಫೋನ್ ಬಂದು ಮೇಡಂ ಹೊರಗೆ ಹೋದರು. ಕಾವಲಿನವರು ಬಾಗಿಲ ಆಚೆ ನಿಂತಿದ್ದರು. ಕೋಣೆಯಲ್ಲಿ ನಾನು, ಅವರು, ಮೇಡಂ ಬಿಟ್ಟುಹೋದ ಖಾಲಿ ಕುರ್ಚಿ, ಓಡುತ್ತಿದ್ದ ರೆಕಾರ್ಡರ್.

ಮುಂದೆ ಮಾಡಿದ್ದನ್ನು ಯಾಕೆ ಮಾಡಿದೆ? ಸೋಮವಾರ ಹತ್ತಿರ ಬಂದಿತ್ತು, ಅವರನ್ನು ಉಳಿಸಬೇಕಿತ್ತು ಎಂದು ಹೇಳಬಹುದು. ಕೇಳುವುದಕ್ಕೆ ಚೆನ್ನಾಗಿದೆ. ನಿಜ ಏನೆಂದರೆ ಎರಡು ದಿನದಿಂದ ಆ ದನಿ ನನ್ನ ಗಂಟಲಲ್ಲಿ ಕೂತಿತ್ತು, ಅದು ಸರಿಯಾಗಿದೆಯೇ ಎಂದು ಹೇಳಬಲ್ಲ ಒಬ್ಬನೇ ಮನುಷ್ಯ ನನ್ನ ಎದುರಿಗಿದ್ದ.

‘ಏನ್ ಮಾದೇವಾ,’ ಎಂದೆ, ಸಾಬರ ದನಿಯಲ್ಲಿ, ಆ ತುಂಡು ಉಸಿರಿನ ಸಮೇತ. ‘ಚಾ... ಕುಡುದ್ಯೇನೋ?’

ಮಾದೇವಪ್ಪ ತಲೆಯೆತ್ತಿದರು. ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಮುಖ ತಿರುಗಿಸಿ ಖಾಲಿ ಕುರ್ಚಿಯ ಕಡೆ ಕೂತರು.

‘ಕುರ್ಚೀ,’ ಎಂದರು. ‘ಅವ್ರಿಗೆ ಹೇಳು, ನಂಗೆ ಚಾ ಬ್ಯಾಡ ಅಂತ.’

ನಮ್ಮಜ್ಜಿ ತಾತನ ಮೇಲೆ ಮುನಿಸಿಕೊಂಡಾಗ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು: ‘ಏ ಕಂಬ, ಮುದ್ದೆ ಆರೋಯ್ತದೆ, ಬಂದು ಉಣ್ಣಕ್ಕೆ ಹೇಳು.’ ತಾತನೂ ಕಂಬಕ್ಕೇ ಉತ್ತರ ಕೊಡುತ್ತಿದ್ದರು. ಮಾತು ಬಿಟ್ಟವರು ನಮ್ಮ ಕಡೆ ಬಾಯಿ ಮುಚ್ಚಿಕೊಳ್ಳುವುದಿಲ್ಲ. ನಡುವೆ ಒಂದು ಕಂಬ, ಕೋಳಿ, ಗೋಡೆ ಇಟ್ಟುಕೊಂಡು ಅದಕ್ಕೆ ಹೇಳುತ್ತಾರೆ. ಹನ್ನೊಂದು ದಿನ ಮಾತು ಬಿಟ್ಟಿದ್ದರು ಎಂದು ಬೀದಿಯವರೆಲ್ಲ ಹೇಳಿದ್ದನ್ನು ನಾನೇ ಟೈಪ್ ಮಾಡಿದ್ದೆ. ಇಬ್ಬರು ಸೇರಿ ಮಾಡುವ ಕೆಲಸ ಹನ್ನೊಂದು ದಿನ ಮಾತಿಲ್ಲದೆ ಹೇಗೆ ನಡೆಯಿತು ಎಂದು, ಈ ಮಣ್ಣಿನವನಾದ ನಾನೇ ಕೇಳಿಕೊಂಡಿರಲಿಲ್ಲ.

ಮಾದೇವಪ್ಪ ಕುರ್ಚಿಗೆ ಹೇಳುತ್ತಾ ಹೋದರು. ‘ಅವತ್ತೂ ಹಿಂಗೇ ಉಸ್ರು ಬುಡ್ತಿದ್ರು. ಚರಕುಕ್ಕೆ ಹೇಳಿದ್ರು, ಎದೆ ಹಿಡ್ಕಂಡದೆ ಅಂತ. ನಾನು ನಾಟ್ಕ ಅನ್ಕಂಡೆ. ರಾಜಿ ಮಾಡ್ಕಳಕ್ಕೆ ನೆವ ತಗೀತಾವ್ರೆ ಅನ್ಕಂಡೆ. ಮೊದ್ಲು ಅವ್ರೇ ಸೋಲ್ಲಿ ಅಂತ. ಒಸಿ ಹೊತ್ತು ಮಲಿಕ್ಕಳಕ್ಕೆ ಹೇಳು ಅಂತ ಚರಕುಕ್ಕೇ ಹೇಳ್ಬುಟ್ಟು ಹಿತ್ಲಿಗೆ ಹೋದೆ. ಬರೋ ಹೊತ್ಗೆ ಬಿದ್ದಿದ್ರು. ಒಂದಪ ತಿರುಗಿ ಮಕ ನೋಡಿದ್ರೆ ಉಳ್ಕತಿದ್ರು. ನಾನೇ ಸಾಯ್ಸ್‌ದೆ ಅನ್ದೆ ಇನ್ನೇನ್ ಅನ್ಲಿ, ಕುರ್ಚೀ.’

ಮೇಡಂ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಮಾದೇವಪ್ಪ ಮಾತು ಮುಗಿಸುವವರೆಗೆ ಕಾದು, ಒಳಗೆ ಬಂದು, ಸಮಯ ಹೇಳಿ ರೆಕಾರ್ಡರ್ ನಿಲ್ಲಿಸಿದರು. ಮಾದೇವಪ್ಪನಿಗೆ ನೀರು ಕೊಟ್ಟರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದರು.

‘ನೀವು ಯಾರ ದನಿ ಮಾಡಿದ್ದು?’

‘ಸಾಬ್ರುದು. ಆದ್ರೆ ಮಾತಾಡಿದ್ರಲ್ಲ ಮೇಡಂ. ಕೊಲೆ ಅಲ್ಲ ಅಂತ ಗೊತ್ತಾಯ್ತಲ್ಲ.’

‘ಪೊಲೀಸರು ಹೆದರಿಸಿ ಬಾಯಿ ಬಿಡಿಸಿದರೆ ಅದು ನಂಬಲಾಗದ್ದು ಅಂತ ನಾನು ಬರೀತೇನೆ. ನೀವು ಸತ್ತವರ ದನಿಯಿಂದ ಬಾಯಿ ಬಿಡಿಸಿದ್ದೀರಿ. ಒಳ್ಳೇದು ಬಂತು ಅಂತ ಇದನ್ನು ಹೇಗೆ ನಂಬಿ ಅನ್ನಲಿ? ನಾಳೆ ಎದುರಿನ ವಕೀಲರು ಕೇಳ್ತಾರೆ, ಇದು ಆ ಮನುಷ್ಯನ ಮಾತೋ, ನಿಮ್ಮ ಹುಡುಗ ಆಡಿಸಿದ ಮಾತೋ ಅಂತ. ನನ್ನ ಹತ್ತಿರ ಉತ್ತರ ಇಲ್ಲ.’

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ಅದನ್ನೂ ಅನುಕರಿಸಿ ನಗಿಸುವ ಧೈರ್ಯ ಬರುತ್ತಿತ್ತೇನೋ. ‘ಎಲ್ಲಿ ಕಲಿತದ್ದು?’ ಎಂದರು. ನಾನು ಫೋನ್ ತೆಗೆದು ಕೊನೆಯ ದನಿ ಹಾಕಿದೆ.

‘ನಯಾಜ್... ಇವತ್ತು ಒಂದೇ ಚಾ... ಕಳ್ಸು. ನಂಗೆ... ಬ್ಯಾಡ. ಎದೆ ಒಸಿ... ಹಿಡ್ದಂಗೈತೆ. ಒಂದೇ... ಆ ಸಕ್ಕರೆ ಕಮ್ಮಿದು.’

ಮೇಡಂ ಎರಡು ಸಲ ಕೇಳಿದರು. ಸಂದೇಶದ ದಿನಾಂಕ ನೋಡಿದರು, ವೇಳೆ ನೋಡಿದರು. ಸಾಬರು ಸತ್ತ ದಿನ, ಅದೇ ಸಂಜೆ.

‘ಕಲಿಯೋದಕ್ಕೆ ಇದನ್ನು ಎಷ್ಟು ಸಲ ಕೇಳಿದ್ದೀರಿ?’

‘ನಲವತ್ತು ಸಲ ಆಗ್ಬೋದು.’

‘ನಲವತ್ತು ಸಲದಲ್ಲಿ ಒಂದು ಸಲವಾದರೂ ಅವರು ಎಂತ ಹೇಳ್ತಿದ್ದಾರೆ ಅಂತ ಕೇಳಿದ್ರಾ?’

ನಾನು ಬಿರುಕು ಎಂದುಕೊಂಡದ್ದು ಹೃದಯಾಘಾತ. ಒಬ್ಬ ಮನುಷ್ಯ ಸಾಯುತ್ತಾ ಎಳೆದ ಉಸಿರನ್ನು ಶೈಲಿ ಎಂದು ಭಾವಿಸಿ, ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿದ್ದೆ.

ಅಲ್ಲಿಂದ ನೇರ ನಯಾಜ್ ಅಂಗಡಿಗೆ ಹೋದೆವು. ಮೇಡಂ ಯಾವ ಸುಳಿವೂ ಕೊಡದೆ, ಆ ದಿನ ಏನಾಯಿತೆಂದು ಮೊದಲಿಂದ ಹೇಳಲು ಕೇಳಿದರು.

‘ಒಂದೇ ಚಾ ಅಂದ್ರು ಮೇಡಂ, ಎದೆ ಹಿಡ್ದಿದ್ದು ಗ್ಯಾಸ್ ಇರ್ಬೇಕು ಅನ್ಕೊಂಡು ಕಳಿಸ್ದೆ. ಮಾದೇವಣ್ಣ ಹಿತ್ಲಾಗಿದ್ದ, ನಮ್ ಅಂಗಡಿ ಹುಡುಗ ಅಲ್ಲೇ ಕೊಟ್ಟು ಬಂದ. ಅದಕ್ಕೆ ಮೊದ್ಲು ದಿನಾ ಎರಡು ಚಾ ಹೋಗೈತೆ, ನೋಡಿ ಬೇಕಾದ್ರೆ.’

‘ಇದನ್ನು ಪೊಲೀಸರಿಗೆ ಹೇಳಲಿಲ್ಲವಾ?’

‘ಜಗಳ ಆಗಿತ್ತಾ ಅಂದ್ರು, ಆಗಿತ್ತು ಅಂದೆ. ಚಾ ವಿಷ್ಯ ಯಾರ್ ಕೇಳಿದ್ರು ಮೇಡಂ?’

ಮಾತು ಬಿಟ್ಟವನಿಗೂ ದಿನಾ ಟೀ ತರಿಸಿದ್ದಾರೆ, ಅವನಿಗೆ ಸಕ್ಕರೆ ಕಮ್ಮಿ ಎಂಬುದನ್ನು ಒಂದು ದಿನವೂ ಮರೆತಿಲ್ಲ, ಅದನ್ನು ಅವನಿಗೆ ಕೇಳುವಂತೆ ಕನ್ನಡದಲ್ಲಿ ಕೂಗಿ ಹೇಳಿದ್ದಾರೆ. ಚರಕದಂತೆ ಫೋನ್ ಕೂಡ ನಡುವಿನ ಕಂಬವಾಗಿತ್ತು. ಇದೆಲ್ಲ ನಾನು ಕಲಿಸಿಕೊಟ್ಟ ಮಾತಲ್ಲ, ಯಾರದೋ ಫೋನಿನಲ್ಲಿ ದಿನಾಂಕ ಸಮೇತ ಕೂತಿದ್ದ ಸಾಕ್ಷ್ಯ.

ಆ ಸಂಜೆ ಮೇಡಂ ವರದಿ ಬರೆದರು. ಟೈಪ್ ಮಾಡಿದವನು ನಾನೇ. ‘ಮೂರನೆಯ ಭೇಟಿಯಲ್ಲಿ ನನ್ನ ಸಹಾಯಕನು ಮೃತರ ದನಿಯನ್ನು ಅನುಕರಿಸಿದ್ದರಿಂದ ಆ ಭೇಟಿಯಲ್ಲಿ ಆರೋಪಿ ಆಡಿದ ಮಾತುಗಳನ್ನು ಪರ ಅಥವಾ ವಿರೋಧವಾಗಿ ಬಳಸಬಾರದು. ಲೋಪದ ಹೊಣೆ ನನ್ನದು. ಬೇರೊಬ್ಬ ತಜ್ಞರಿಂದ ಹೊಸದಾಗಿ ಪರಿಶೀಲನೆ ಆಗಬೇಕು.’ ಇದು ಮೊದಲ ಪ್ಯಾರಾ. ಎರಡನೆಯದರಲ್ಲಿ, ಟೀ ಅಂಗಡಿಯವನ ಫೋನಿನಲ್ಲಿ ಪ್ರಕರಣಕ್ಕೆ ಸಂಬಂಧಿಸಿದ ದನಿಸಂದೇಶಗಳಿದ್ದು ತನಿಖಾಧಿಕಾರಿ ಅವನ್ನು ನೋಡುವುದು ಅಗತ್ಯ ಎಂದಿತ್ತು. ‘ನನ್ನ ಸಹಾಯಕನು’ ಎಂದು ಟೈಪ್ ಮಾಡುವಾಗ ಎರಡು ಸಲ ತಪ್ಪಾಯಿತು. ಬರೆಸುವಾಗ ಮೇಡಂ ನನ್ನ ಕಡೆ ನೋಡಲಿಲ್ಲ. ಮುಗಿದ ಮೇಲೆ, ಸೋಮವಾರದಿಂದ ಬರುವುದು ಬೇಡ ಎಂದರು.

ಬರಬೇಡ ಎಂದರೂ ಸೋಮವಾರ ಕೋರ್ಟಿಗೆ ಹೋಗಿ ವರಾಂಡದಲ್ಲಿ ನಿಂತಿದ್ದೆ. ವಕೀಲರು ವರದಿಯನ್ನೂ ಸಂದೇಶದ ವಿಷಯವನ್ನೂ ಮುಂದಿಟ್ಟು ಕಾಲಾವಕಾಶ ಕೇಳಿದರು, ಸಿಕ್ಕಿತು. ಮಾದೇವಪ್ಪನ ಹೇಳಿಕೆ ಆ ದಿನ ದಾಖಲಾಗಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದಿಟ್ಟಿದ್ದ ಹೃದಯದ ಭಾಗದ ವರದಿ ಇನ್ನೂ ಲ್ಯಾಬಿನಿಂದ ಬಂದಿರಲಿಲ್ಲ, ಅದನ್ನು ಬೇಗ ತರಿಸಿದರು. ತೀವ್ರ ಹೃದಯಾಘಾತ ಎಂದಿತ್ತು. ತಲೆಯ ಗಾಯ ಬಿದ್ದಾಗ ಆದದ್ದು, ಸಾಯುವಷ್ಟು ಆಳದ್ದಲ್ಲ. ಬೇರೆ ಊರಿನ ತಜ್ಞರೊಬ್ಬರು ಬಂದು ಮಾದೇವಪ್ಪನನ್ನು ಹೊಸದಾಗಿ ಪರಿಶೀಲಿಸಿದರು. ಕೊನೆಗೆ ಪೊಲೀಸರೇ ಬಿ ರಿಪೋರ್ಟ್ ಹಾಕಿದರು, ಅಂದರೆ ಆರೋಪಕ್ಕೆ ಆಧಾರವಿಲ್ಲವೆಂದು ಪ್ರಕರಣ ಮುಗಿಸುವ ವರದಿ.

ನಾನು ಮತ್ತೆ ಜೆರಾಕ್ಸ್ ಅಂಗಡಿಗೆ ಮರಳಿದೆ. ಎಂಟು ತಿಂಗಳು ಯಾರ ದನಿಯನ್ನೂ ಮಾಡಲಿಲ್ಲ. ಗೆಳೆಯರ ಫೋನು ಕಮ್ಮಿಯಾಗುತ್ತಾ ಬಂದು ನಿಂತಿತು. ಸ್ಪೀಕರ್‌ಗೆ ಹಾಕಲು ಏನೂ ಇಲ್ಲದವನಿಗೆ ಯಾರು ಯಾಕೆ ಫೋನ್ ಮಾಡುತ್ತಾರೆ? ಒಂಬತ್ತನೆಯ ತಿಂಗಳು ಮೇಡಂ ಅಂಗಡಿಗೆ ಬಂದು ಕೆಲವು ಹಾಳೆ ಕೊಟ್ಟರು. ಮತ್ತದೇ ‘ಯಾವುದೇ ಮಾಹಿತಿ ಇರುವುದಿಲ್ಲ’. ಈ ಸಲ ನಾನು ನಗಲಿಲ್ಲ. ‘ಸೋಮವಾರದಿಂದ ಬನ್ನಿ,’ ಎಂದರು. ಷರತ್ತು ಹೇಳಲಿಲ್ಲ.

ಮತ್ತೆ ಸೇರಿದ ವಾರವೇ ಮಾದೇವಪ್ಪನನ್ನು ನೋಡಲು ಹೋದೆ. ಅಷ್ಟು ದಿನ ಧೈರ್ಯವಾಗಿರಲಿಲ್ಲ. ಸಾಬರ ಮಗಳು ಶೆಡ್ಡಿನ ಕೀಲಿಯನ್ನು ಅವರಿಗೇ ಕೊಟ್ಟು, ಅಬ್ಬಾ ಇದ್ದಾಗಿನ ಹಾಗೇ ಇಲ್ಲೇ ಇರಿ ಎಂದಿದ್ದರಂತೆ. ಅವರು ಚರಕದ ಪಕ್ಕದಲ್ಲಿ ಕೂತಿದ್ದರು. ಚರಕ ಒರೆಸಿ ಎಣ್ಣೆ ಬಿಟ್ಟು ಇಟ್ಟಿತ್ತು. ಬೇಸಿನ್ ಒಣಗಿತ್ತು. ಒಬ್ಬರೇ ಇದ್ದು ಆ ಯಂತ್ರದಲ್ಲಿ ಒಂದು ಎಳೆಯನ್ನೂ ತೆಗೆಯಲು ಬರುವುದಿಲ್ಲ. ಬೆಳಿಗ್ಗೆ ನಯಾಜ್ ಅಂಗಡಿಯಲ್ಲಿ ಲೋಟ ತೊಳೆದು, ಮಧ್ಯಾಹ್ನ ಬಂದು ಇಲ್ಲಿ ಕೂರುತ್ತಿದ್ದರು.

‘ತಪ್ಪಾಯ್ತು ಮಾದೇವಣ್ಣ,’ ಎಂದೆ. ‘ಸಾಬ್ರು ದನಿ ತಗುದು ನಿಮ್ಗೆ ಮೋಸ ಮಾಡ್ಬುಟ್ಟೆ.’

ಅವರು ನನ್ನನ್ನು ದಿಟ್ಟಿಸಿ ನೋಡಿದರು. ‘ಯಾವ್ ಮೋಸ್ವಲಾ? ಅವತ್ತೇ ಗೊತ್ತಾಗಿತ್ತು ನೀನೇ ಅಂತ.’

‘ಗೊತ್ತಾಗಿತ್ತಾ?’

‘ಮಾದೇವ ಅಂದಲ್ಲ ನೀನು. ಇಪ್ಪತ್ತಾರ್ ವರ್ಸದಾಗೆ ಸಾಬ್ರು ಒಂದಪನೂ ನನ್ ಹೆಸ್ರು ಹಿಡಿದು ಕರೀನಿಲ್ಲ. ಏ ಉಯ್ಯಂಬಳ್ಳಿ, ಅನ್ನೋರು. ಉಸ್ರು ಮಾತ್ರ ಸರ್ಯಾಗ್ ಹಿಡಿದಿದ್ದೆ. ಮಿಕ್ಕಿದ್ದು ಏನೂ ಚೆಂದಾಗಿರ್ನಿಲ್ಲ, ಬುಡು.’

ಐವತ್ತು ದನಿಗಳ ಗರ್ವ ಅಲ್ಲೇ ನೆಲಕ್ಕೆ ಬಿತ್ತು. ‘ಮತ್ತೆ ಯಾಕ್ ಮಾತಾಡಿದ್ರಿ?’ ಎಂದೆ.

ಮಾದೇವಪ್ಪ ಚಕ್ರದ ಹಿಡಿಯನ್ನು ಸುಮ್ಮನೆ ಮುಟ್ಟಿದರು. ‘ಸಾಬ್ರು ಹೋಗಿ ಹದಿನೇಳ್ ದಿನ ಆಗಿತ್ತು ಕಣಪ್ಪ. ಪೊಲೀಸ್ನೋರು ಕೇಳೋರು, ವಕೀಲ್ರು ಕೇಳೋರು, ಆಯಮ್ಮನೂ ಪಾಪ ಮೆತ್ತಗೆ ಕೇಳೋರು. ಜೈಲಾಗಿದ್ದೋರು ಕೊಲೆ ಮಾಡ್ದೋನು ಅಂತ ದೂರ ಕೂರೋರು. ಎಲ್ಲಾರೂ ಕೇಳೋರೇ. ಚಾ ಕುಡುದ್ಯಾ ಅಂದೋನು ನೀನೊಬ್ನೇ. ಯಾರ್ ದನಿಯಾದ್ರೇನು.’

ಟೈಪ್ ಮಾಡುವುದಾದರೆ ‘ಮೌನ, ನಲವತ್ತು ಸೆಕೆಂಡು’ ಎಂದು ಮಾಡಬೇಕಿತ್ತು.

‘ಏನಾರ ಮಾತಾಡ್ಲಾ,’ ಎಂದರು ಅವರು. ‘ನಿನ್ ದನಿಯಾಗೇ ಮಾತಾಡು.’

ಕಂಡಕ್ಟರ್ ಬಂದ, ಹರಾಜಿನವರು ಬಂದರು, ಸೀನ ಮೇಷ್ಟ್ರು ಬಂದರು. ಎಲ್ಲರನ್ನೂ ದಾಟಿ ನನ್ನದು ಸಿಗಲು ಒಸಿ ಹೊತ್ತು ಹಿಡಿಯಿತು. ಸಿಕ್ಕಿದಾಗ ಅದು ನಾನು ಎಣಿಸಿದ್ದಕ್ಕಿಂತ ತೆಳ್ಳಗಿತ್ತು.

‘ಮಳೆ ಬರಂಗೈತೆ ಮಾದೇವಣ್ಣ.’

ಅವರು ಬಾಗಿಲಾಚೆ ಬಗ್ಗಿ ನೋಡಿದರು. ‘ಊಂ. ಕನಕಪುರದ್ ಕಡೆ ಆಗ್ಲೇ ಹುಯ್ತಾ ಐತೆ.’

ಯಾವ ವರದಿಗೂ ಬೇಡದ ಮಾತುಗಳನ್ನು ಕತ್ತಲಾಗುವವರೆಗೆ ಆಡಿದೆವು. ಯಾರಿಂದಲೂ ಏನನ್ನೂ ಕೇಳಿ ತಿಳಿಯುವ ಮೊದಲು ಅವರ ಜೊತೆ ಒಂದಿಷ್ಟು ಸುಮ್ಮನೆ ಮಾತಾಡಬೇಕು, ಅದೂ ನಮ್ಮದೇ ದನಿಯಲ್ಲಿ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಮರುದಿನ ಇದನ್ನು ಮೇಡಂಗೆ ಹೇಳಿದೆ. ಮಧ್ಯಾಹ್ನ ಊಟದ ಡಬ್ಬಿ ತೆಗೆದವರು, ಕುರ್ಚಿಯನ್ನು ಗೋಡೆಯಿಂದ ನನ್ನ ಕಡೆಗೆ ತಿರುಗಿಸಿಕೊಂಡು ಕೂತರು.